ಪವರ್ ಪ್ರೆಸ್ ಓವರ್‌ಲೋಡ್ ಆಗದಂತೆ ನೋಡಿಕೊಳ್ಳುವುದು ಹೇಗೆ: ಟನ್ನೇಜ್ ಲೆಕ್ಕದಿಂದ ಸಿಕ್ಕಿಬಿದ್ದ ರ‍್ಯಾಮ್ ಬಿಡಿಸುವವರೆಗೆ

ಪುಣೆಯ ಭೋಸರಿ, ಚಾಕಣ್ ಕಡೆ ಯಾವ ಗಲ್ಲಿಗೆ ಹೋದರೂ ಪವರ್ ಪ್ರೆಸ್ ಸದ್ದು ಕೇಳುತ್ತದೆ. ಮೇಲೆ-ಕೆಳಗೆ ಆಡುವ ರ‍್ಯಾಮ್‌ನಿಂದ ಡೈ (ಅಚ್ಚು) ಒತ್ತಿ ಲೋಹದ ಶೀಟ್ ಕತ್ತರಿಸುವ, ಬಗ್ಗಿಸುವ ಯಂತ್ರ ಅದು. ರ‍್ಯಾಮ್ ಒಮ್ಮೆ ಇಳಿದು ಏರುವುದು ಒಂದು ಸ್ಟ್ರೋಕ್. ರ‍್ಯಾಮ್ ಆಡಿಸುವುದು ಕ್ರ್ಯಾಂಕ್, ಅದಕ್ಕೆ ಬಲ ಕೊಡುವುದು ಫ್ಲೈವೀಲ್ ಎಂಬ ಭಾರದ ಗಾಲಿ, ಎರಡನ್ನೂ ಜೋಡಿಸುವುದು ಕ್ಲಚ್. ಅದರ ಮುಂದೆ ನಿಂತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಆಪರೇಟರ್, ಡೈ ಸೆಟ್ಟರ್, ಮೇಂಟೆನೆನ್ಸ್ ಫಿಟ್ಟರ್, ಜೊತೆಗೆ ಬಾಡಿಗೆ ಶೆಡ್‌ನಲ್ಲಿ ನಾಲ್ಕು ಸೆಕೆಂಡ್ ಹ್ಯಾಂಡ್ ಪ್ರೆಸ್ ಹಾಕಿಕೊಂಡು ಸ್ವಂತ ಜಾಬ್‌ವರ್ಕ್ ಶುರು ಮಾಡಿದವರು. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

"ಪ್ರೆಸ್ 100 ಟನ್ನಿಂದು, ಜಾಬ್ 60 ಟನ್ನು, ಇನ್ನೇನು ಚಿಂತೆ?" ಎಂಬ ಮಾತು ಎಲ್ಲ ಶೆಡ್‌ನಲ್ಲೂ ಇದೆ. ಈ ಮಾತಲ್ಲೇ ಎಡವಟ್ಟು ಇರುವುದು. ಪ್ರೆಸ್‌ಗೆ ಹೊಡೆದ ಹೆಸರಿನ ಪ್ಲೇಟ್ ಮೇಲಿನ 100 ಟನ್ ಒತ್ತಡ (ಟನ್ನೇಜ್) ಸ್ಟ್ರೋಕ್‌ನ ಕೊನೆಯ ಕೆಲವೇ ಮಿಲಿಮೀಟರ್‌ಗೆ ಮಾತ್ರ ನಿಜ. ಅದಕ್ಕಿಂತ ಮೇಲೆ ಪ್ರೆಸ್ ತಾಕತ್ತು ಕಡಿಮೆ, ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ. ಅಲ್ಲಿ ಜಾಸ್ತಿ ಭಾರ ಬಿದ್ದರೆ, ಭಾರ ಮೀರಿದಾಗ ಎಣ್ಣೆಯ ಒತ್ತಡ ಬಿಟ್ಟು ಪ್ರೆಸ್ ಉಳಿಸಬೇಕಾದ ಓವರ್‌ಲೋಡ್ ವಾಲ್ವ್‌ಗೂ ಗೊತ್ತಾಗುವುದಿಲ್ಲ. ಅದು ಸುಮ್ನೆ ಕೂತಿರುತ್ತದೆ, ಕ್ರ್ಯಾಂಕ್ ಮಾತ್ರ ಒಳಗೊಳಗೇ ಬಿರುಕು ಬಿಡುತ್ತಿರುತ್ತದೆ.

ಓವರ್‌ಲೋಡ್ ಮೂರು ಥರ. ಫ್ರೇಮ್ ತಡೆಯುವುದಕ್ಕಿಂತ ಜಾಸ್ತಿ ಒತ್ತಡ ಬೀಳುವುದು ಒಂದು. ಕ್ರ್ಯಾಂಕ್, ಗೇರ್, ಕ್ಲಚ್ ತಡೆಯುವುದಕ್ಕಿಂತ ಜಾಸ್ತಿ ಟಾರ್ಕ್ (ತಿರುಚುವ ಬಲ) ಬೀಳುವುದು ಇನ್ನೊಂದು. ಫ್ಲೈವೀಲ್ ಕೊಡಬಹುದಾದ ಎನರ್ಜಿಗಿಂತ ಜಾಸ್ತಿ ಕೆಲಸ ಕೇಳುವುದು ಮೂರನೆಯದು. ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹಂತ 1: ಪ್ಲೇಟ್ ಪೂರ್ತಿ ಓದಿ

ಟನ್ನೇಜ್ ಪಕ್ಕದಲ್ಲಿ ಇನ್ನೊಂದು ಅಂಕಿ ಇರಬೇಕು: ಬಿ.ಡಿ.ಸಿ.ಗಿಂತ (ಬಾಟಮ್ ಡೆಡ್ ಸೆಂಟರ್), ಅಂದರೆ ರ‍್ಯಾಮ್ ಪೂರ್ತಿ ಕೆಳಗಿಳಿದ ಜಾಗಕ್ಕಿಂತ, ಎಷ್ಟು ಮಿ.ಮೀ. ಮೇಲೆ ಈ ಟನ್ನೇಜ್ ಸಿಗುತ್ತದೆ ಅಂತ. ಗೇರ್ ಇಲ್ಲದೆ ಫ್ಲೈವೀಲ್ ನೇರ ಕ್ರ್ಯಾಂಕ್ ಮೇಲೆ ಕೂತ ಸಣ್ಣ ಪ್ರೆಸ್‌ಗಳಲ್ಲಿ ಇದು ಸಾಮಾನ್ಯವಾಗಿ 1.5 ಮಿ.ಮೀ. ಆಸುಪಾಸು. ಗೇರ್ ಇರುವ ಪ್ರೆಸ್‌ಗಳಲ್ಲಿ 3ರಿಂದ 6 ಮಿ.ಮೀ., ದೊಡ್ಡ ಡಬಲ್ ಗೇರ್ ಪ್ರೆಸ್‌ಗಳಲ್ಲಿ 12-13 ಮಿ.ಮೀ. ವರೆಗೂ ಇರುತ್ತದೆ. ಹಳೇ ಪ್ರೆಸ್ ಕೊಂಡಾಗ ಪ್ಲೇಟ್ ಕಿತ್ತುಹೋಗಿದ್ದರೆ ಅಥವಾ ಮೇಲೆ ಬಣ್ಣ ಬಳಿದಿದ್ದರೆ ತಯಾರಕರಿಂದ ಟನ್ನೇಜ್ ಕರ್ವ್ (ಯಾವ ಎತ್ತರದಲ್ಲಿ ಎಷ್ಟು ಟನ್ ಎಂದು ತೋರಿಸುವ ನಕ್ಷೆ) ತರಿಸಿಕೊಳ್ಳಿ. ಅದು ಕೈಗೆ ಬರುವವರೆಗೆ ಕಡಿಮೆ ಅಂಕಿಯನ್ನೇ ಹಿಡಿದು ನಡೆಯಿರಿ. ಮಾರಿದವನು ಬಾಯಲ್ಲಿ ಹೇಳಿದ ಟನ್ನೇಜ್‌ಗೆ ಬೆಲೆ ಇಲ್ಲ.

ಹಂತ 2: ಜಾಬ್‌ಗೆ ಎಷ್ಟು ಟನ್ ಬೇಕು, ಲೆಕ್ಕ ಹಾಕಿ

ಬ್ಲ್ಯಾಂಕಿಂಗ್ (ಶೀಟ್‌ನಿಂದ ಬಿಲ್ಲೆ ಕತ್ತರಿಸುವುದು), ಪಿಯರ್ಸಿಂಗ್ (ತೂತು ಹೊಡೆಯುವುದು) ಲೆಕ್ಕ ಸುಲಭ. ಕಟ್ ಆಗುವ ಅಂಚಿನ ಉದ್ದ × ಶೀಟ್ ದಪ್ಪ × ಶಿಯರ್ ಸ್ಟ್ರೆಂತ್ (ಕತ್ತರಿಸುವಾಗ ಶೀಟ್ ಒಡ್ಡುವ ತಡೆ). 100 ಮಿ.ಮೀ. ವ್ಯಾಸದ ಬಿಲ್ಲೆ, 3 ಮಿ.ಮೀ. ಶೀಟ್, ಮೈಲ್ಡ್ ಸ್ಟೀಲ್‌ಗೆ ಶಿಯರ್ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಎಂದು ಹಿಡಿಯಿರಿ. 314 × 3 × 350 ಅಂದರೆ ಹತ್ತಿರ ಹತ್ತಿರ 3,30,000 ನ್ಯೂಟನ್, ಸುಮಾರು 33.6 ಟನ್.

ಈಗ ಕಸ್ಟಮರ್ ಡ್ರಾಯಿಂಗ್ ಬದಲಾಯಿಸಿದ, ಅದೇ ಪಾರ್ಟ್ 600 ಗ್ರೇಡ್ ಹೈ ಸ್ಟ್ರೆಂತ್ ಶೀಟ್‌ನಲ್ಲಿ ಬೇಕು ಅಂದ. ಟೆನ್ಸೈಲ್‌ನ (ಎಳೆತ ತಡೆಯುವ ಶಕ್ತಿ, ಇಲ್ಲಿ 600) 80 ಪರ್ಸೆಂಟ್ ಅನ್ನು ಶಿಯರ್ ಎಂದು ಹಿಡಿದರೆ 480. ಅದೇ ಡೈ, ಅದೇ ಪ್ರೆಸ್, ಆದರೆ ಈಗ 46 ಟನ್. ವಾಹನ ಕಂಪನಿಗಳಿಗೆ ಪಾರ್ಟ್ ಕೊಡುವ ಕಡೆ ಇದು ನಡೆಯುತ್ತಲೇ ಇರುತ್ತದೆ. ಗ್ರೇಡ್ ಬದಲಾದ ಸುದ್ದಿ ಸ್ಟೋರ್‌ನಿಂದ ಪ್ರೆಸ್ ಶಾಪ್‌ಗೆ ಬರುವುದೇ ಇಲ್ಲ. ಕಾಯಿಲ್ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈ ಅಂಕಿಗೆ ಶೀಟ್ ಒತ್ತಿಹಿಡಿಯುವ, ಕಳಚುವ ಸ್ಟ್ರಿಪ್ಪರ್ ಸ್ಪ್ರಿಂಗ್, ಪ್ರೆಶರ್ ಪ್ಯಾಡ್, ಕುಶನ್, ನೈಟ್ರೋಜನ್ ಸಿಲಿಂಡರ್ ಎಲ್ಲದರ ಬಲ ಸೇರಿಸಬೇಕು. ರ‍್ಯಾಮ್ ಕೆಳಗೆ ಬರುವಾಗ ಅವನ್ನೂ ಒತ್ತಿಕೊಂಡೇ ಬರುತ್ತದೆ, ಅಲ್ವಾ? ಮೊಂಡಾದ ಪಂಚ್ (ಡೈನ ಒತ್ತುವ ಭಾಗ), ತಪ್ಪು ಕ್ಲಿಯರೆನ್ಸ್ (ಪಂಚ್-ಡೈ ನಡುವಿನ ಸಂದು) ಇದ್ದರೆ ಟನ್ನೇಜ್ ಇನ್ನೂ ಮೇಲೆ ಹೋಗುತ್ತದೆ. ಬಂದ ಒಟ್ಟು ಪ್ರೆಸ್ ತಾಕತ್ತಿನ 70-75 ಪರ್ಸೆಂಟ್ ದಾಟದಂತೆ ಪ್ರೆಸ್ ಆರಿಸಿ.

ಹಂತ 3: ಆ ಟನ್ ಸ್ಟ್ರೋಕ್‌ನ ಯಾವ ಜಾಗದಲ್ಲಿ ಬೀಳುತ್ತದೆ ನೋಡಿ

ಇದನ್ನು ಮಾತ್ರ ನಿಧಾನಕ್ಕೆ ಓದಿ. ಹೆಚ್ಚಿನವರು ಬಿಡುವುದು ಇದನ್ನೇ.

ಅಡಕತ್ತರಿಯಲ್ಲಿ ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟರೆ ಸಲೀಸಾಗಿ ಒಡೆಯುತ್ತದೆ, ತುದಿಯಲ್ಲಿ ಇಟ್ಟರೆ ಕೈಯೇ ನೋಯುತ್ತದೆ. ಕ್ರ್ಯಾಂಕ್ ಲೆಕ್ಕವೂ ಅದೇ. ಕ್ರ್ಯಾಂಕ್ ತಡೆಯುವ ಟಾರ್ಕ್ ಒಂದೇ. ಬಿ.ಡಿ.ಸಿ. ಹತ್ತಿರ ಭುಜದ ಅಳತೆ ಸಣ್ಣದಾಗುವುದರಿಂದ ಅದೇ ಟಾರ್ಕ್‌ಗೆ ದೊಡ್ಡ ಒತ್ತಡ ಸಿಗುತ್ತದೆ. ಮೇಲೆ ಹೋದಂತೆ ಭುಜ ಉದ್ದವಾಗುತ್ತದೆ, ಒತ್ತಡ ಇಳಿಯುತ್ತದೆ.

100 ಟನ್, 200 ಮಿ.ಮೀ. ಸ್ಟ್ರೋಕ್, 6 ಮಿ.ಮೀ.ಗೆ ರೇಟ್ ಆದ ಪ್ರೆಸ್ ತೆಗೆದುಕೊಳ್ಳಿ. ಕನೆಕ್ಟಿಂಗ್ ರಾಡ್ ಉದ್ದದ ಪರಿಣಾಮ ಬಿಟ್ಟು ಲೆಕ್ಕ ಹಾಕಿದರೆ 12 ಮಿ.ಮೀ. ಮೇಲೆ ಸುಮಾರು 72 ಟನ್ ಸಿಗುತ್ತದೆ. 25 ಮಿ.ಮೀ. ಮೇಲೆ 52. 50 ಮಿ.ಮೀ. ಮೇಲೆ 39. ಅರ್ಧ ಸ್ಟ್ರೋಕ್‌ನಲ್ಲಿ ಬರೀ 34.

ಈಗ 50 ಮಿ.ಮೀ. ಆಳದ ಡ್ರಾ ಜಾಬ್ (ಶೀಟ್ ಅನ್ನು ಬಟ್ಟಲಿನಂತೆ ಒಳಗೆಳೆಯುವ ಕೆಲಸ) ಬಂತು ಅಂದುಕೊಳ್ಳಿ. ಡ್ರಾಗೆ 30 ಟನ್, ಬ್ಲ್ಯಾಂಕ್ ಹೋಲ್ಡರ್ (ಶೀಟ್ ಅಂಚು ಒತ್ತಿಹಿಡಿಯುವ ಭಾಗ) ಕೆಳಗಿನ ನೈಟ್ರೋಜನ್ ಸಿಲಿಂಡರ್‌ಗಳಿಗೆ 15 ಟನ್, ಒಟ್ಟು 45. ಪ್ಲೇಟ್ ನೋಡಿದರೆ ಅರ್ಧವೂ ಆಗಲಿಲ್ಲ. ಆದರೆ ನೈಟ್ರೋಜನ್ ಸಿಲಿಂಡರ್ ಮುಟ್ಟಿದ ಕೂಡಲೇ ಹೆಚ್ಚೂಕಡಿಮೆ ಪೂರ್ತಿ ಬಲ ಕೊಡುತ್ತದೆ, ಮುಟ್ಟುವುದೂ 50 ಮಿ.ಮೀ. ಮೇಲೆಯೇ. ಡ್ರಾ ಭಾರವೂ ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಏರಿಬಿಡುತ್ತದೆ. 39-40 ಟನ್ ಮಾತ್ರ ತಡೆಯುವ ಜಾಗದಲ್ಲಿ 45 ಟನ್ ಬಿತ್ತು. 100 ಟನ್‌ಗೆ ಸೆಟ್ ಆದ ಹೈಡ್ರಾಲಿಕ್ ಓವರ್‌ಲೋಡ್ 45 ಟನ್‌ಗೆ ಯಾಕೆ ಬಿಚ್ಚಿಕೊಳ್ಳುತ್ತದೆ? ಪ್ರತಿ ಸ್ಟ್ರೋಕ್‌ಗೂ ಕ್ರ್ಯಾಂಕ್, ಗೇರ್ ಹಲ್ಲು, ಗೇರ್ ಅನ್ನು ಶಾಫ್ಟ್‌ಗೆ ಹಿಡಿಸುವ ಕೀ ಏಟು ತಿನ್ನುತ್ತವೆ. ಕೆಲವು ತಿಂಗಳ ನಂತರ ಗೇರ್ ಹಲ್ಲು ಹಾರಿದಾಗ "ಮಾಲ್ ಸರಿ ಇಲ್ಲ" ಅನ್ನುತ್ತಾರೆ.

ಹಾಗಾಗಿ ಪ್ರತಿ ಡೈಗೂ ಎರಡು ಅಂಕಿ ಬರೆದಿಡಿ: ಭಾರ ಎಷ್ಟು, ಅದು ಬಿ.ಡಿ.ಸಿ.ಗಿಂತ ಎಷ್ಟು ಮೇಲೆ ಶುರುವಾಗುತ್ತದೆ. ಎರಡನ್ನೂ ಕರ್ವ್ ಮೇಲೆ ಇಟ್ಟು ನೋಡಿ. ಗೆರೆಗಿಂತ ಮೇಲೆ ಬಂದರೆ ಆ ಜಾಬ್ ಆ ಪ್ರೆಸ್‌ನದ್ದಲ್ಲ.

ಹಂತ 4: ಫ್ಲೈವೀಲ್ ಉಸಿರು ನೋಡಿ

ಎನರ್ಜಿ ಅಂದರೆ ಒತ್ತಡ × ದೂರ. ಮೇಲಿನ 3 ಮಿ.ಮೀ. ಬಿಲ್ಲೆ ಕತ್ತರಿಸಲು 33.6 ಟನ್ ಸುಮಾರು 1.5 ಮಿ.ಮೀ. ದೂರಕ್ಕೆ ಸಾಕು, ಅಂದರೆ 50 ಟನ್-ಮಿ.ಮೀ. ಡ್ರಾ ಜಾಬ್‌ನಲ್ಲಿ 45 ಟನ್ 50 ಮಿ.ಮೀ. ಪೂರ್ತಿ ಇರುತ್ತದೆ ಅಂತ ಮೇಲ್ಮಟ್ಟದ ಲೆಕ್ಕ ಹಾಕಿದರೆ 2,250. ಹತ್ತಿರ ಹತ್ತಿರ 45 ಪಟ್ಟು! ಜೊತೆಗೆ ಫ್ಲೈವೀಲ್ ಸ್ಪೀಡ್ ಅರ್ಧ ಮಾಡಿದರೆ ಎನರ್ಜಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ವೇರಿಯಬಲ್ ಸ್ಪೀಡ್ ಡ್ರೈವ್ ಹಾಕಿಸಿ "ಡ್ರಾ ಚೆನ್ನಾಗಿ ಬರಲಿ" ಅಂತ ಸ್ಪೀಡ್ ಇಳಿಸುವವರು ಇದನ್ನು ಮರೆಯಬಾರದು. ಒಂದು ಸ್ಟ್ರೋಕ್‌ಗೆ ಫ್ಲೈವೀಲ್ 10-15 ಪರ್ಸೆಂಟ್ ನಿಧಾನವಾದರೆ ಸರಿ. ಬೆಲ್ಟ್ ಕಿರುಚಿದರೆ, ಆಂಪ್ ಮೀಟರ್ ಮುಳ್ಳು ಪ್ರತಿ ಸಲ ಜಿಗಿದು ಮತ್ತೆ ಕೆಳಗೇ ಬರದಿದ್ದರೆ ಅದು ಏದುಸಿರು ಬಿಡುತ್ತಿದೆ. ಮುಂದಿನ ಹಂತ ರ‍್ಯಾಮ್ ಕೆಳಗೇ ಸಿಕ್ಕಿಕೊಳ್ಳುವುದು.

ಹಂತ 5: ಭಾರದ ನಡು ಎಲ್ಲಿದೆ ಹುಡುಕಿ

ಪ್ರೋಗ್ರೆಸಿವ್ ಡೈ (ಸಾಲಾಗಿ ಹಲವು ಸ್ಟೇಷನ್‌ನಲ್ಲಿ ಕೆಲಸ ಮಾಡುವ ಡೈ) ಅನ್ನು ಬೋಲ್ಸ್ಟರ್ (ಡೈ ಕೂರುವ ದಪ್ಪ ಪ್ಲೇಟ್) ನಡುವಿಗೆ ಇಟ್ಟರೆ ಭಾರವೂ ನಡುವಿಗೆ ಬರುತ್ತದೆ ಅಂತೇನಿಲ್ಲ. ಎಡಕ್ಕೆ 300 ಮಿ.ಮೀ. ದೂರದಲ್ಲಿ 64 ಟನ್, ಬಲಕ್ಕೆ 300 ಮಿ.ಮೀ. ದೂರದಲ್ಲಿ 16 ಟನ್ ಇದೆ ಅನ್ನಿ. ಒಟ್ಟು 80. ಭಾರದ ನಡು ಎಡಕ್ಕೆ 180 ಮಿ.ಮೀ. ಸರಿದಿದೆ. ನಿಮ್ಮದು 100 ಟನ್ ಡಬಲ್ ಪಾಯಿಂಟ್ ಪ್ರೆಸ್ (ಎರಡು ಕನೆಕ್ಷನ್‌ನಿಂದ ರ‍್ಯಾಮ್ ಒತ್ತುವುದು) ಆಗಿದ್ದರೆ ಒಂದೊಂದು ಕನೆಕ್ಷನ್‌ಗೆ ಇರುವುದು 50 ಟನ್ ಮಾತ್ರ. ಆ ಕನೆಕ್ಷನ್‌ಗಳು ಸರಿಯಾಗಿ ಆ ಎರಡು ಜಾಗದ ಮೇಲೇ ಇದ್ದರೆ ಎಡಗಡೆಯದಕ್ಕೆ 64 ಬಿತ್ತು. ಒಟ್ಟು ಲೆಕ್ಕ ಸರಿ ಇದ್ದೂ ಪ್ರೆಸ್ ಕೆಡುತ್ತದೆ. ಡೈ ಅನ್ನು ಬಲಕ್ಕೆ ಸರಿಸಿ, ಆಗದಿದ್ದರೆ ಡೈ ಮಾಡುವಾಗಲೇ ಸ್ಟೇಷನ್ ಹಂಚಿಕೆ ಬದಲಿಸಿ. ಸಿ ಫ್ರೇಮ್ (ಸಿ ಅಕ್ಷರದಂತೆ ಮುಂದೆ ತೆರೆದ ಫ್ರೇಮ್) ಸಿಂಗಲ್ ಪಾಯಿಂಟ್ ಪ್ರೆಸ್‌ನಲ್ಲಿ ಇದೇ ತಪ್ಪು ರ‍್ಯಾಮ್ ಓರೆಯಾಗುವುದಾಗಿ, ಗಿಬ್ (ರ‍್ಯಾಮ್ ಜಾರುವ ದಾರಿ) ಒಂದೇ ಕಡೆ ಸವೆಯುವುದಾಗಿ ಕಾಣುತ್ತದೆ.

ತದ್ವಿರುದ್ಧ ತಪ್ಪೂ ಇದೆ. ಪುಟ್ಟ ಡೈ ಅನ್ನು ದೊಡ್ಡ ಪ್ರೆಸ್‌ನ ನಟ್ಟನಡುವೆ ಇಟ್ಟು ಪೂರ್ತಿ ಟನ್ನೇಜ್ ಹೊಡೆಯುವುದು. ಭಾರ ಬೋಲ್ಸ್ಟರ್‌ನ ಮೂರರಲ್ಲಿ ಎರಡು ಭಾಗದ ಮೇಲೆ ಹರಡುತ್ತದೆ ಅಂತ ಹಿಡಿದು ಪ್ರೆಸ್ ಮಾಡಿರುತ್ತಾರೆ. ಒಂದೇ ಕಡೆ ಕುಟ್ಟಿದರೆ ಬೋಲ್ಸ್ಟರ್ ತಗ್ಗಾಗುತ್ತದೆ.

ಹಂತ 6: ಡೈ ಸೆಟ್ಟಿಂಗ್

ಶಟ್ ಹೈಟ್ (ರ‍್ಯಾಮ್ ಪೂರ್ತಿ ಇಳಿದಾಗ ಬೋಲ್ಸ್ಟರ್‌ಗೆ ಇರುವ ಅಂತರ) ಹೊಂದಿಸುವಾಗ ಕೈ ಬಿಗಿ ಇರಲಿ. ನಿಮ್ಮ 100 ಟನ್ ಪ್ರೆಸ್ ಪೂರ್ತಿ ಭಾರಕ್ಕೆ 1 ಮಿ.ಮೀ. ಹಿಗ್ಗುತ್ತದೆ ಅಂದುಕೊಂಡರೆ, ಡೈ ಪೂರ್ತಿ ಮುಚ್ಚಿದ ಮೇಲೆ ರ‍್ಯಾಮ್ ಅನ್ನು 0.1 ಮಿ.ಮೀ. ಕೆಳಗಿಳಿಸಿದರೆ 10 ಟನ್ ಏರಿತು. "ಪಾರ್ಟ್‌ನಲ್ಲಿ ಎಂಬಾಸ್ ಸರಿ ಬರುತ್ತಿಲ್ಲ, ಇನ್ನೊಂದು ನೂಲು ಒತ್ತು" ಅನ್ನುವ ಮಾತಿನ ಬೆಲೆ ಇದು.

ಸೀಸದ ತಂತಿ ಪರೀಕ್ಷೆ ಎಲ್ಲರಿಗೂ ಸಾಧ್ಯ. ಒಂದೇ ದಪ್ಪದ ಸೀಸದ ತಂತಿಯ ನಾಲ್ಕು ತುಂಡು ಕತ್ತರಿಸಿ, ನಾಲ್ಕು ಮೂಲೆಯ ಸ್ಟಾಪ್ ಬ್ಲಾಕ್ ಮೇಲೆ ಇಡಿ. ಶೀಟ್ ಹಾಕಿ ಒಂದೇ ಸ್ಟ್ರೋಕ್ ಹೊಡೆಯಿರಿ. ಪ್ರೆಸ್ ನಿಲ್ಲಿಸಿ, ಸೇಫ್ಟಿ ಬ್ಲಾಕ್ ಕೊಟ್ಟು, ಚಪ್ಪಟೆಯಾದ ತುಂಡುಗಳನ್ನು ಇಕ್ಕಳದಿಂದ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಮುಂದಿನ ಎರಡು 0.60, ಹಿಂದಿನ ಎರಡು 0.45 ಬಂದರೆ ಮುಂಭಾಗ ಬಾಯಿ ತೆರೆದಿದೆ ಎಂದರ್ಥ. ಕಾಗದದಷ್ಟು ತೆಳ್ಳಗಾಗಿ ಹರಿದೇ ಹೋಗಿದ್ದರೆ ಸ್ಟಾಪ್ ಬ್ಲಾಕ್ ಮೇಲೆ ಭಾರ ಕೂರುತ್ತಿದೆ. ಸ್ಟಾಪ್ ಬ್ಲಾಕ್ ಇರುವುದು ಸೆಟ್ಟಿಂಗ್‌ಗೆ, ಡೈ ಎತ್ತಿಡುವುದಕ್ಕೆ. ಒತ್ತಡ ಹೊರುವುದಕ್ಕಲ್ಲ.

ಇಂಚಿಂಗ್‌ನಲ್ಲಿ (ಚೂರುಚೂರೇ ಸರಿಸಿ ನಿಲ್ಲಿಸುವಾಗ) ಸರಿ ಬಂತು ಅಂತ ಬಿಟ್ಟು ಹೋಗಬೇಡಿ. ಸ್ಪೀಡ್ ಏರಿದಾಗ ರ‍್ಯಾಮ್ ಮತ್ತು ಮೇಲಿನ ಡೈ ತೂಕದ ರಭಸಕ್ಕೆ ಪಂಚ್ ಇನ್ನಷ್ಟು ಕೆಳಗೆ ಹೋಗುತ್ತದೆ, ಟನ್ನೇಜ್ ಏರುತ್ತದೆ. ಓಡುವ ಸ್ಪೀಡ್‌ನಲ್ಲೇ ನೋಡಿ, ಪ್ರೆಸ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ.

ದಪ್ಪ ಶೀಟ್ ಬ್ಲ್ಯಾಂಕಿಂಗ್‌ನಲ್ಲಿ ಇನ್ನೊಂದು ತಲೆನೋವು ಇದೆ. ಶೀಟ್ ತಟ್ಟನೆ ತುಂಡಾದ ಕ್ಷಣ, ಅಲ್ಲಿಯವರೆಗೆ ಹಿಗ್ಗಿದ್ದ ಫ್ರೇಮ್ ಒಮ್ಮೆಲೇ ವಾಪಸ್ ಬರುತ್ತದೆ. ಆ ಉಲ್ಟಾ ಏಟು ಪ್ರೆಸ್ ತಾಕತ್ತಿನ 10 ಪರ್ಸೆಂಟ್ ಒಳಗೆ ಇರಬೇಕು, ತಯಾರಕರು ಬೇರೆ ಹೇಳಿದ್ದರೆ ಅದರಂತೆ. ನೆಲ ನಡುಗುವುದು, ಪ್ಯಾನಲ್‌ನಲ್ಲಿ ವೈರ್ ಸಡಿಲಾಗುವುದು, ಓವರ್‌ಲೋಡ್ ವಾಲ್ವ್ ಸೋರುವುದು ಎಲ್ಲ ಇದರ ಗುರುತು. ಪಂಚ್‌ಗಳನ್ನು ಒಂದೇ ಎತ್ತರಕ್ಕೆ ಇಡದೆ ಶೀಟ್ ದಪ್ಪಕ್ಕಿಂತ ಚೂರು ಕಡಿಮೆ ಅಂತರದಲ್ಲಿ ಹಂತ ಹಂತವಾಗಿ ಇಡಿ, ಇಲ್ಲವೇ ಪಂಚ್ ಮುಖಕ್ಕೆ ಓರೆ (ಶಿಯರ್ ಆಂಗಲ್) ಕೊಡಿ. ಮುಖ್ಯ ಟನ್ನೇಜೂ ಇಳಿಯುತ್ತದೆ, ಉಲ್ಟಾ ಏಟೂ ಇಳಿಯುತ್ತದೆ. ಡೈ ಗ್ರೈಂಡಿಂಗ್‌ಗೆ ಹೋದಾಗ ಎಲ್ಲ ಪಂಚ್ ಒಂದೇ ಮಟ್ಟಕ್ಕೆ ಉಜ್ಜಿ ಕಳಿಸಿಬಿಡುತ್ತಾರೆ, ಅದನ್ನೊಂದು ನೋಡಿಕೊಳ್ಳಿ.

ಹಂತ 7: ರಕ್ಷಣೆಗೆ ಇಟ್ಟಿದ್ದನ್ನು ಕೆಡಿಸಬೇಡಿ

ಹಳೇ ಪ್ರೆಸ್‌ಗಳಲ್ಲಿ ರ‍್ಯಾಮ್‌ನ ಬಾಲ್ ಸೀಟ್ ಕೆಳಗೆ ಶಿಯರ್ ಪ್ಲೇಟ್ ಇರುತ್ತದೆ. ಭಾರ ಮೀರಿದರೆ ಅದು ಒಡೆದು ಕ್ರ್ಯಾಂಕ್ ಉಳಿಸುತ್ತದೆ. ಒಡೆದು ಒಡೆದು ಬೇಜಾರಾಯಿತು ಅಂತ ಪಕ್ಕದ ಲೇತ್ ಶಾಪ್‌ನಲ್ಲಿ ಗಟ್ಟಿ ಸ್ಟೀಲ್‌ನಲ್ಲಿ ದಪ್ಪಗೆ ಮಾಡಿಸಿ ಹಾಕುವವರಿದ್ದಾರೆ. ಇನ್ನು ಮುಂದೆ ಪ್ಲೇಟ್ ಒಡೆಯುವುದಿಲ್ಲ, ನಿಜ. ಒಡೆಯುವುದು ಕ್ರ್ಯಾಂಕ್ ಅಥವಾ ಫ್ರೇಮ್. ಭೋಸರಿಯ ಸಣ್ಣ ಶೆಡ್‌ಗಳಲ್ಲಿ ಈಗಲೂ ಓಡುವ ರೋಲಿಂಗ್ ಕೀ ಕ್ಲಚ್ ಪ್ರೆಸ್‌ಗಳಲ್ಲಿ ಕ್ಲಚ್ ಜಾರುವ ಮಾತೇ ಇಲ್ಲ, ನಡುವೆ ನಿಲ್ಲಿಸಲೂ ಆಗದು. ಅಲ್ಲಿ ಈ ಪ್ಲೇಟೇ ದಿಕ್ಕು.

ಹೈಡ್ರಾಲಿಕ್ ಓವರ್‌ಲೋಡ್ ಇದ್ದರೆ ವಾರಕ್ಕೊಮ್ಮೆ ಗೇಜ್ ನೋಡಿ. ಅದರ ಗಾಳಿ ಪಂಪ್ ಸುಮ್ಮನೆ ಇರಬೇಕಾದಾಗಲೂ ಟಕ್ ಟಕ್ ಅನ್ನುತ್ತಿದ್ದರೆ ಎಲ್ಲೋ ಎಣ್ಣೆ ಸೋರುತ್ತಿದೆ. ಆಗಾಗ ಟ್ರಿಪ್ ಆಗುತ್ತದೆ ಅಂತ ಪ್ರೆಶರ್ ಏರಿಸಬೇಡಿ. ಕೈಯಾರೆ ಪ್ರೆಶರ್ ಇಳಿಸಿ ಪ್ರೆಸ್ ಚಾಲೂ ಆಗುವುದಿಲ್ಲ ಎಂಬುದನ್ನೂ ಖಚಿತ ಮಾಡಿಕೊಳ್ಳಿ, ಇಂಟರ್‌ಲಾಕ್ ಸ್ವಿಚ್‌ಗೆ ಯಾರಾದರೂ ತಂತಿ ಸುತ್ತಿದ್ದರೆ ಆಗ ಸಿಕ್ಕಿಬೀಳುತ್ತದೆ.

ಏರ್ ಕ್ಲಚ್‌ನ ಗಾಳಿ ಒತ್ತಡ ಇನ್ನೂ ಸೂಕ್ಷ್ಮ. ಟಾರ್ಕ್ ಮೀರಿದಾಗ ಕ್ಲಚ್ ಜಾರಬೇಕು. ಹಂತ 3ರಲ್ಲಿ ಹೇಳಿದ ಕಣ್ಣಿಗೆ ಕಾಣದ ಓವರ್‌ಲೋಡ್‌ಗೆ ಅದೊಂದೇ ತಡೆ. ತಯಾರಕರು 4.5 ಬಾರ್ ಅಂದಿದ್ದ ಕಡೆ ರೆಗ್ಯುಲೇಟರ್ ತಿರುಗಿಸಿ 6 ಬಾರ್ ಕೊಟ್ಟರೆ ಆ ತಡೆಯೂ ಹೋಯಿತು. ಕ್ಲಚ್ ಜಾರುತ್ತಿದ್ದರೆ ಲೈನಿಂಗ್ ನೋಡಿ, ಜಾಬ್ ನೋಡಿ. ಗಾಳಿ ಏರಿಸಬೇಡಿ.

ಹಂತ 8: ಡಬಲ್ ಶೀಟ್, ಸ್ಲಗ್ (ಕತ್ತರಿಸಿದ ಚೂರು), ಒಳಗೇ ಉಳಿದ ಪಾರ್ಟ್

ನಿಜವಾದ ದೊಡ್ಡ ಅನಾಹುತ ಆಗುವುದು ಇವುಗಳಿಂದ. ಮುಚ್ಚಿಕೊಳ್ಳುವ ಫಾರ್ಮಿಂಗ್ ಡೈ ಒಳಗೆ 3 ಮಿ.ಮೀ. ಶೀಟ್ ಒಂದರ ಬದಲು ಎರಡು ಹೋದರೆ, ಮೇಲಿನ ಲೆಕ್ಕದ ಪ್ರಕಾರ ಆ ಹೆಚ್ಚುವರಿ 3 ಮಿ.ಮೀ.ಗೆ 300 ಟನ್ ಕೇಳುತ್ತದೆ. ಶೀಟ್ ಸ್ವಲ್ಪ ಅಪ್ಪಚ್ಚಿಯಾಗಬಹುದು, ಆದರೂ 100 ಟನ್ ಪ್ರೆಸ್‌ಗೆ ಏನು ಗತಿ? ಎಣ್ಣೆ ಹಚ್ಚಿದ ಬ್ಲ್ಯಾಂಕ್‌ಗಳು ಒಂದಕ್ಕೊಂದು ಅಂಟುವುದು ಸಾಮಾನ್ಯ. ಡಬಲ್ ಬ್ಲ್ಯಾಂಕ್ ಸೆನ್ಸರ್, ಪಾರ್ಟ್ ಹೊರಬಂತಾ ನೋಡುವ ಸೆನ್ಸರ್, ಕಾಯಿಲ್ ಜಾಬ್ ಆದರೆ ಪೈಲಟ್ (ಶೀಟ್ ಅನ್ನು ಜಾಗಕ್ಕೆ ಕೂರಿಸುವ ಪಿನ್) ಮೇಲೆ ಮಿಸ್‌ಫೀಡ್ ಸೆನ್ಸರ್, ಈ ಮೂರಕ್ಕೆ ದುಡ್ಡು ಹಾಕಿ. ಒಂದು ಕ್ರ್ಯಾಂಕ್ ರಿಪೇರಿ ಬಿಲ್ ಮುಂದೆ ಇವು ಏನೂ ಅಲ್ಲ. ಸೆನ್ಸರ್ ಸಿಗ್ನಲ್ ಬಂದ ಮೇಲೆ ಪ್ರೆಸ್ ನಿಲ್ಲಲು ಸಮಯ ಬೇಕು, ಆದ್ದರಿಂದ ಡೈ ಮುಚ್ಚುವ ಮೊದಲೇ ನಿಲ್ಲುವಷ್ಟು ಬೇಗ ಅದು ನೋಡುವಂತೆ ಕ್ಯಾಮ್ ಹೊಂದಿಸಬೇಕು.

ಹಂತ 9: ಟನ್ನೇಜ್ ಮಾನಿಟರ್

ಫ್ರೇಮ್ ಕಂಬಗಳಿಗೆ ಸ್ಟ್ರೇನ್ ಗೇಜ್ (ಹಿಗ್ಗುವುದನ್ನು ಅಳೆಯುವ ಪಟ್ಟಿ) ಅಂಟಿಸಿ ಎಡ-ಬಲ ಬೇರೆ ಬೇರೆ ಟನ್ನೇಜ್ ತೋರಿಸುವ ಪೆಟ್ಟಿಗೆ ಇದು. ಒಟ್ಟು ಮಾತ್ರ ನೋಡಬೇಡಿ, ಎಡ-ಬಲ ವ್ಯತ್ಯಾಸ ನೋಡಿ, ಉಲ್ಟಾ ಏಟಿನ ರೀಡಿಂಗ್ ನೋಡಿ. ಜಾಬ್ ಚೆನ್ನಾಗಿ ಓಡುವಾಗಿನ ಅಂಕಿ ಬರೆದುಕೊಂಡು ಅದಕ್ಕಿಂತ 10-15 ಪರ್ಸೆಂಟ್ ಮೇಲೆ ಲಿಮಿಟ್ ಹಾಕಿ. ಪ್ರೆಸ್ ತಾಕತ್ತಿಗೇ ಲಿಮಿಟ್ ಹಾಕಿದರೆ ಡೈ ಮೊದಲೇ ಹೋಗಿರುತ್ತದೆ. ವರ್ಷಕ್ಕೊಮ್ಮೆ ಲೋಡ್ ಸೆಲ್ ಇಟ್ಟು ಕ್ಯಾಲಿಬ್ರೇಟ್ ಮಾಡಿಸಿ.

ಮಾನಿಟರ್ ಇಲ್ಲದ ಕಡೆ ಆಪರೇಟರ್ ಕಿವಿಯೇ ಮಾನಿಟರ್. ರಾತ್ರಿ ಪಾಳಿಯಲ್ಲಿ ಯಾದಗಿರಿ ಹುಡುಗನೊಬ್ಬ ಬಂದು "ಅಣ್ಣಾರ, ಪ್ರೆಸ್ ಆವಾಜ್ ಬ್ಯಾರೆ ಬರಾಕತ್ತೈತ್ರಿ" ಅಂದರೆ "ನೀ ಹೊಡಿ, ಟಾರ್ಗೆಟ್ ಐತಿ" ಅಂತ ವಾಪಸ್ ಕಳಿಸಬೇಡಿ. ಎದ್ದು ಹೋಗಿ ನೋಡಿ. ಮೊಂಡು ಪಂಚ್, ಸಡಿಲ ಬೋಲ್ಟ್, ಮೇಲೆದ್ದ ಸ್ಲಗ್ ಎಲ್ಲ ಮೊದಲು ಸದ್ದಿನಲ್ಲೇ ಗೊತ್ತಾಗುತ್ತವೆ.

ಹಂತ 10: ಗುರುವಾರದ ಕೆಲಸ

ಇಲ್ಲಿ ಎಂಐಡಿಸಿಗೆ (ಸರ್ಕಾರಿ ಕೈಗಾರಿಕಾ ಪ್ರದೇಶ) ವಾರದ ರಜೆ ಗುರುವಾರ, ಮೇಂಟೆನೆನ್ಸ್‌ಗೆ ಸಿಗುವುದೂ ಅದೇ ದಿನ. ಟೈ ರಾಡ್ (ಫ್ರೇಮ್ ಭಾಗಗಳನ್ನು ಬಿಗಿದಿಡುವ ಉದ್ದ ಸರಳು) ಇರುವ ಪ್ರೆಸ್‌ನಲ್ಲಿ ಕಂಬ ಮತ್ತು ಬೆಡ್ ಕೂಡುವ ಜಾಗಕ್ಕೆ ಬುಧವಾರ ಸಂಜೆ ಚೂರು ಎಣ್ಣೆ ಸವರಿ ಪ್ರೆಸ್ ಓಡಿಸಿ ನೋಡಿ. ಪ್ರತಿ ಏಟಿಗೂ ಎಣ್ಣೆ ಒಳಗೆ ಹೊರಗೆ ಆಡಿ ಗುಳ್ಳೆ ಎದ್ದರೆ ಟೈ ರಾಡ್ ಸಡಿಲಾಗಿದೆ. ಮರುದಿನ ಕೆಲಸ ಗೊತ್ತಾಯಿತಲ್ಲ. ರ‍್ಯಾಮ್ ಕೆಳಗೆ ಜಾಕ್ ಕೊಟ್ಟು ಎತ್ತಿ ಡಯಲ್‌ನಲ್ಲಿ ಬೇರಿಂಗ್ ಆಟ ಅಳೆಯಿರಿ. ಕೌಂಟರ್‌ಬ್ಯಾಲೆನ್ಸ್ (ರ‍್ಯಾಮ್ ತೂಕ ಎತ್ತಿಹಿಡಿಯುವ ಸಿಲಿಂಡರ್) ಗಾಳಿ ಮೇಲಿನ ಡೈ ತೂಕಕ್ಕೆ ತಕ್ಕಂತೆ ಇದೆಯಾ ನೋಡಿ, ಕಡಿಮೆ ಇದ್ದರೆ ಆ ಆಟ ಪ್ರತಿ ಸ್ಟ್ರೋಕ್‌ಗೂ ಏಟಾಗುತ್ತದೆ. ಮಳೆಗಾಲದಲ್ಲಿ ಏರ್ ಲೈನ್‌ನ ನೀರು ದಿನಾ ಬಿಡಿ.

ರ‍್ಯಾಮ್ ಕೆಳಗೇ ಸಿಕ್ಕಿಕೊಂಡರೆ

ಎಲ್ಲರೂ ದೂರ ಸರಿಯಿರಿ. ಮೋಟಾರ್ ಆಫ್ ಮಾಡಿ, ಫ್ಲೈವೀಲ್ ಪೂರ್ತಿ ನಿಲ್ಲಲಿ, ಲಾಕ್ ಹಾಕಿ. ಹಿಗ್ಗಿದ ಫ್ರೇಮ್‌ನೊಳಗೆ ನೂರು ಟನ್ ಬಿಗಿದು ಕೂತಿದೆ, ಸುತ್ತಿಗೆ ತಗೊಂಡು ಡೈ ಹತ್ತಿರ ಹೋಗುವುದು ಬೇಡ. ಹೈಡ್ರಾಲಿಕ್ ಓವರ್‌ಲೋಡ್ ಇದ್ದರೆ ಅದರ ಪ್ರೆಶರ್ ಬಿಟ್ಟರೆ ಹೆಚ್ಚಿನ ಸಲ ಅಲ್ಲಿಗೇ ಬಿಡುಗಡೆ.

ಇಲ್ಲದಿದ್ದರೆ ಕ್ರ್ಯಾಂಕ್ ಬಿ.ಡಿ.ಸಿ. ದಾಟಿದೆಯಾ ಇಲ್ಲವಾ ಗುರುತು ನೋಡಿ. ದಾಟಿಲ್ಲ ಅಂದರೆ ಮೋಟಾರ್ ಉಲ್ಟಾ ತಿರುಗಿಸಿ, ಫ್ಲೈವೀಲ್ ಪೂರ್ತಿ ಸ್ಪೀಡ್‌ಗೆ ಬಂದ ಮೇಲೆ ಇಂಚಿಂಗ್‌ನಲ್ಲಿ ಕ್ಲಚ್ ಕೊಡಿ. ದಾಟಿದ್ದರೆ ಮುಂದಕ್ಕೇ ತಿರುಗಿಸಬೇಕು. ಗಾಳಿ ಒತ್ತಡ ತಯಾರಕರು ಹೇಳಿದ ಗರಿಷ್ಠ ದಾಟಬಾರದು. ಅದಕ್ಕೂ ಬಗ್ಗದಿದ್ದರೆ ಟೈ ರಾಡ್ ಬಿಸಿ ಮಾಡಿ ಉದ್ದ ಮಾಡುವ ದಾರಿ ಇದೆ, ಅದನ್ನು ಮಾಡಿ ಗೊತ್ತಿರುವವರನ್ನು ಕರೆಸಿ. ಡೈ ಪ್ಯಾರಲಲ್ (ಡೈ ಕೆಳಗಿನ ಪಟ್ಟಿ) ಅನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸುವುದು ತೀರಾ ಕೊನೆಯ ಉಪಾಯ, ತುಂಡು ಸಿಡಿಯುತ್ತದೆ.

ಬಿಟ್ಟುಕೊಂಡ ಮೇಲೆ ರೀಸೆಟ್ ಒತ್ತಿ ಪ್ರೊಡಕ್ಷನ್ ಶುರು ಮಾಡುವ ಅವಸರ ಬೇಡ. ಸಿ ಫ್ರೇಮ್ ಆದರೆ ಗಂಟಲಿನ ಒಳಮೂಲೆಗೆ, ಮತ್ತೆ ಕ್ರ್ಯಾಂಕ್‌ಗೆ ಡೈ ಪೆನೆಟ್ರಂಟ್ (ಬಿರುಕಿಗೆ ಇಳಿಯುವ ಬಣ್ಣದ ದ್ರವ) ಹಾಕಿ ಬಿರುಕು ನೋಡಿ. ಟೈ ರಾಡ್ ನಟ್ ಗುರುತು ಸರಿದಿದೆಯಾ, ಗೇರ್ ಕೀ ಅಲ್ಲಾಡುತ್ತದಾ, ಬೇರಿಂಗ್ ಆಟ ಮೊದಲಿನಷ್ಟೇ ಇದೆಯಾ, ನಾಲ್ಕು ಮೂಲೆಯಲ್ಲಿ ರ‍್ಯಾಮ್ ಬೋಲ್ಸ್ಟರ್‌ಗೆ ಸಮ ಇದೆಯಾ ಅಳೆಯಿರಿ. ಡೈ ಇಲ್ಲದೆ ಸ್ವಲ್ಪ ಹೊತ್ತು ಖಾಲಿ ಓಡಿಸಿ, ಬೇರಿಂಗ್ ಬಿಸಿ ಕೈಯಲ್ಲಲ್ಲ, ಥರ್ಮಾಮೀಟರ್‌ನಲ್ಲಿ ನೋಡಿ. ಆಮೇಲೆ ಹಗುರ ಜಾಬ್ ಹಾಕಿ. ಏನು ಸಿಕ್ಕಿಕೊಂಡಿತ್ತು, ಯಾವ ಡೈ, ಎಷ್ಟು ಟನ್ ತೋರಿಸಿತ್ತು ಎಂಬುದನ್ನು ಡೈ ಕಾರ್ಡ್ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಅದೇ ಪ್ರೆಸ್‌ಗೆ ನೇತುಹಾಕಿ. ಮುಂದಿನ ಪಾಳಿಯವನು ಅದೇ ಡೈ ಹತ್ತಿಸುವ ಮುಂಚೆ ಓದಲಿ.